ಗ್ರಾಫೀನಿನ ಕೊಸರು

2009ರ ಫೆಬ್ರವರಿಯಲ್ಲಿ ಸಂಘಮಿತ್ರಾ ತಾರಿಹಾಳದ ಯಮನಪ್ಪನ ಫೈಬರ್ ವರ್ಕ್‌ಶಾಪಿಗೆ ಬಂದಾಗ, ಅವಳ ಮೂರು ವರ್ಷದ ದುಡಿಮೆಯೆಲ್ಲ ಚೀಲದೊಳಗಿನ ಒಂದು ಸಣ್ಣ ಬಾಟಲಿಯ ಮೇಲೆ ನಿಂತಿತ್ತು. ಬಾಟಲಿಯಲ್ಲಿದ್ದದ್ದು ಗ್ರಾಫೀನ್ ಎಂಬ ಕಪ್ಪು ಪುಡಿ.

ಪಿಎಚ್.ಡಿ.ಗೆ ಅವಳು ಹಿಡಿದ ಕೆಲಸ ಹೇಳುವುದಕ್ಕೇನೋ ಸುಲಭ. ಗ್ಲಾಸ್ ಫೈಬರ್ ಬಟ್ಟೆಗೆ ರೆಸಿನ್ ಎಂಬ ಅಂಟು ಬಳಿದು ಪದರದ ಮೇಲೆ ಪದರ ಕೂರಿಸಿದರೆ ಹಲಗೆಯಾಗುತ್ತದೆ; ಆ ರೆಸಿನ್ನಿಗೆ ಚಿಟಿಕೆ ಗ್ರಾಫೀನ್ ಬೆರೆಸಿದರೆ ಇನ್ನೂ ಗಟ್ಟಿಯಾಗುತ್ತದೆ. ಚಿಟಿಕೆ ಮಾತ್ರ. ಹೆಚ್ಚಾದರೆ ಝುಣಕದ ಹಿಟ್ಟಿನಂತೆ ಗಂಟುಕಟ್ಟಿ, ಹಲಗೆ ಆ ಗಂಟಿನಲ್ಲೇ ಬಿರುಕು ಬಿಡುತ್ತದೆ. ಡಿಸೆಂಬರಿನಲ್ಲಿ ಇಲ್ಲೇ ಕೂರಿಸಿದ ಒಂದು ಹಲಗೆ ಗೆದ್ದಿತ್ತು. "ಒಂದ ಸಲ ಬಂದದ್ದು ಪುರಾವೆ ಅಲ್ಲ, ಇನ್ನೊಮ್ಮೆ ತೋರಸ್ರಿ" ಎಂದು ಗೈಡ್ ಖಡಕ್ಕಾಗಿ ಹೇಳಿಬಿಟ್ಟಿದ್ದರು. ಮಾರ್ಚ್ ಕೊನೆಗೆ ಪ್ರಬಂಧದ ಗಡುವು. ಉಳಿದ ಪುಡಿ ಎರಡೇ ಹಲಗೆಗೆ ಸಾಲುವಷ್ಟು. ಹೊಸದು ಹೊರದೇಶದಿಂದ ಬರಲು ಆರು ತಿಂಗಳು.

ಕಾಲೇಜಿನಲ್ಲಿ ಅವಳೊಡನೆ ಮಾತು ಅಷ್ಟಕ್ಕಷ್ಟೇ. ಯಾವ ಓಣಿಯ ಮನೆತನವೆಂದು ಗೊತ್ತಾದ ಮೇಲೆ ಜೊತೆಯವರು ಊಟದ ಡಬ್ಬಿಗಳನ್ನು ಬೇರೆ ಬೆಂಚಿಗೆ ಒಯ್ದಿದ್ದರು, ಅದೂ ನಗುನಗುತ್ತಲೇ. ನಯದಲ್ಲಿ ನಮ್ಮವರನ್ನು ಮೀರಿಸಲಾದೀತೆ! ಗೋಪನಕೊಪ್ಪದ ಬಾಡಿಗೆ ಕೋಣೆಯಲ್ಲಿ ಎರಡೆರಡು ದಿನ ಯಾರೊಡನೆಯೂ ಮಾತಿಲ್ಲದೆ ಕಳೆಯುವುದು ಅವಳಿಗೆ ರೂಢಿಯಾಗಿತ್ತು. "ಊಟಾ ಆತೇನ್ರಿ ಅಕ್ಕಾರ?" ಎಂದು ಕೇಳುವವನು ಯಮನಪ್ಪನೊಬ್ಬನೇ. ಆತ ನೀರಿನ ಟ್ಯಾಂಕು ಮಾಡುವವನು. ಸಂತೆಯವರು ಅಳತೆಯ ಮೇಲೆ ಕೊಸರು ಹಾಕುವಂತೆ, ಯಾರದೇ ಟ್ಯಾಂಕಿಗೂ ಕೇಳಿದ್ದಕ್ಕಿಂತ ಒಂದು ಪದರ ಹೆಚ್ಚು ಹಾಕಿಕೊಡುತ್ತಿದ್ದ.

ಅಂದು ಅವಳು ಒಂದು ಹಲಗೆಯ ಪುಡಿ ತೂಗಿ, ಎರಡು ತಾಸು ರೆಸಿನ್ನಿನಲ್ಲಿ ಕಲಕಿ, ಕೈ ತೊಳೆಯಲು ನಳದ ಕಡೆ ಹೋಗಿಬಂದಳು. ಇಬ್ಬರೂ ಸೇರಿ ಹಲಗೆ ಕೂರಿಸಿದರು. ಮುಚ್ಚಳ ಹಾಕಿದ್ದ ಬಾಟಲಿಯನ್ನು ಹಾಗೆಯೇ ಚೀಲಕ್ಕಿಳಿಸಿದಳು.

ವಾರದ ನಂತರ ಕಾಲೇಜಿನ ಮಷಿನ್ನಿನಲ್ಲಿ ಆ ಹಲಗೆಯ ಐದು ಪಟ್ಟಿಗಳನ್ನು ಎಳೆದು ನೋಡಿದಳು. ಐದೂ, ಏನೂ ಬೆರೆಸದ ಹಲಗೆಗಿಂತ ಬೇಗ ಮುರಿದವು. ಮುರಿದ ಅಂಚಿನಲ್ಲಿ ಎಳ್ಳಿನಂಥ ಕಪ್ಪು ಗಂಟುಗಳು. ಚೀಲ ತಡಕಿ ಬಾಟಲಿ ತೆಗೆದಳು. ಅದು ಖಾಲಿಯಿತ್ತು.

ತಾರಿಹಾಳದ ಬಸ್ಸಿನುದ್ದಕ್ಕೂ ಬೈಗುಳ ಕೂಡಿಸಿಕೊಂಡೇ ಹೋದಳು. ಯಮನಪ್ಪ ಕೈ ಒರೆಸಿಕೊಳ್ಳುತ್ತ ಎದ್ದ.

"ಬರ್ರಿ ಅಕ್ಕಾರ. ಈ ಸಲ ಹಲಗಿ ಭಾಳ ಗಟ್ಟಿ ಆಗಿರಬೇಕಲ್ರಿ?"

"ಬಾಟಲಿ ಖಾಲಿ ಐತಲ್ರಿ ಕಾಕಾ."

"ನಾನ ಹಾಕೇನ್ರಿ! ನೀವು ನಳಕ್ಕ ಹೋದಾಗ. ತಳದಾಗ ಉಳದಿತ್ತು. ಊರ ಮಂದಿಗೆಲ್ಲಾ ಕೊಸರು ಹಾಕ್ತೇನಿ, ನಮ್ಮ ಅಕ್ಕಾರಿಗೆ ಅಳದು ಕೊಡ್ಲೇನು?"

ಕೂಡಿಸಿಟ್ಟ ಬೈಗುಳದಲ್ಲಿ ಇವನಿಗೆ ಹೊಂದುವಂಥದು ಒಂದೂ ಇರಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಎಲ್ಲರೂ ಅಳೆದೇ ಕೊಟ್ಟಿದ್ದರು, ಮಾತನ್ನೂ, ಕೂರುವ ಜಾಗವನ್ನೂ. ಅಳತೆ ಮೀರಿ ಕೊಟ್ಟವನು ಇವನೊಬ್ಬ, ಅದರಿಂದಲೇ ಅವಳ ಗಡುವು ಮುಳುಗಿತ್ತು. ಅವಳಿಗೆ ಅಳು ಬಂತು. ತೋರಿಸಲೆಂದು ತಂದಿದ್ದ ಮುರಿದ ಪಟ್ಟಿಯನ್ನು ಚೀಲದೊಳಗೆ ಇನ್ನಷ್ಟು ಕೆಳಗೆ ತಳ್ಳಿದಳು.

"ಗಟ್ಟಿ ಆತೇನ್ರಿ?"

"ಆತ್ರಿ ಕಾಕಾ. ಭಾಳ ಗಟ್ಟಿ ಆತು."

ಆತನ ಮುಖ ಅರಳಿತು, ಮರುಗಳಿಗೆಗೆ ಬಾಡಿತು. "ಅಂದ್ರ ನಿಮ್ಮ ಕೆಲಸ ಮುಗೀತು. ಇನ್ನ ಈ ಕಡೆ ಯಾಕ ಬರ್ತೀರಿ ಬಿಡ್ರಿ" ಎಂದು ಬ್ರಶ್ಶು ಎತ್ತಿಕೊಂಡ.

ಈ ಸುಳ್ಳು ನಿಲ್ಲಬೇಕಾದರೆ, ಹೊಸ ಪುಡಿ ಬಂದಾಗ ಹಲಗೆ ಕೂರಿಸಲು ಬೇರೆ ವರ್ಕ್‌ಶಾಪು ಹುಡುಕಬೇಕೆಂಬುದು ಸಂಘಮಿತ್ರಾಗೆ ಆಗಲೇ ಹೊಳೆದದ್ದು.