ಬಿಸಿ ಆರದ ಗೊಬ್ಬರ

ಹೊಗೆಯಲ್ಲ ಅದು, ಆವಿ, ಗೊಬ್ಬರದ ರಾಶಿಯಲ್ಲಿರುವ ಆ ತೂತಿನಿಂದ ಏಳುತ್ತಿದೆ, ಚಳಿ ಮುಗಿಯುವ ದಿನಗಳು, ಬಿಸಿಲಿನ್ನೂ ಹಿತ್ತಲ ಗೋಡೆ ಹತ್ತಿಲ್ಲ, ಈ ರಾಶಿ ಶುರುವಾದದ್ದೂ ಇಂಥದೇ ಹೊತ್ತಿನಲ್ಲಿ, ಹೋದ ವರ್ಷ, ಮಗ ತೀರಿಕೊಂಡು ಮೂರು ತಿಂಗಳಾಗಿತ್ತು, ಸೊಸೆ ತರಕಾರಿ ಸಿಪ್ಪೆಯ ಬಕೆಟ್ ತಂದು ಈ ಮೂಲೆಗೆ ಸುರಿದಳು, ಮೇಲೆ ತರಗೆಲೆ, ಅದರ ಮೇಲೆ ಸಗಣಿ, ಏನಾದರೂ ಒಂದು ಬೆಳೀಲಿ ಮಾವ ಈ ಮನೇಲಿ ಅಂದಳು, ನಾನು ಹೂಂ ಅಂದೆ, ನಾನು ಅನ್ನುವುದೇ ಅಷ್ಟು, ನಿಮಗಿಂತ ಎರೆಹುಳವೇ ವಾಚಾಳಿ ಅಂತ ನಕ್ಕಳು — ಮೂರು ತಿಂಗಳಲ್ಲಿ ಅದೇ ಮೊದಲ ನಗು. ದಿನಾ ಹೊಸ ಸಿಪ್ಪೆ ಸುರಿದು, ತೋಳು ಮಡಿಸಿ ಮಣಿಕಟ್ಟು ಮುಳುಗುವಷ್ಟು ಕೈ ತೂರಿಸಿ ನೋಡುವಳು, ಬಿಸಿ ಇದೆ ಮಾವ, ಇನ್ನೂ ಬೇಯ್ತಿದೆ, ತಣ್ಣಗಾಗಿ ಮಣ್ಣಿನ ವಾಸನೆ ಬಂದ ಮೇಲೇ ಗಿಡಕ್ಕೆ, ಅವಸರ ಮಾಡಿದರೆ ಬೇರು ಸುಟ್ಟುಹೋಗುತ್ತೆ. ಗೊತ್ತಿತ್ತು ನನಗೆ, ಗೊತ್ತಿದ್ದೂ —

ಅವಳಣ್ಣ ಬಂದು ಕೂತ, ಎಷ್ಟು ದಿನ ಅಂತ ಇಲ್ಲೇ ಕೊಳೀತೀಯ ಅಂದ, ಕೊಳೆತರೆ ತಾನೇ ಗೊಬ್ಬರ ಆಗೋದು ಅಂದಳು ಇವಳು, ಆಮೇಲೆ ಮೆಲ್ಲಗೆ, ನಾನು ನೆಟ್ಟ ಆರು ಟೊಮೆಟೊ ಗಿಡ ಕಾಯಿ ಬಿಡಲಿ ಅಣ್ಣ, ನೋಡಿಕೊಂಡು ಬರ್ತೀನಿ. ಅಲ್ಲಿಗೆ ನನ್ನ ತಲೆ ಕೆಟ್ಟಿತು, ಒಂದೆರಡು ಕಾಯಾದರೆ ನೋಡಿ ಹೋಗುತ್ತಾಳೆ, ಮೈತುಂಬ ಬಿಟ್ಟರೆ, ಕೊಯ್ದಷ್ಟೂ ಬರುತ್ತಿದ್ದರೆ, ಹೇಗೆ ಬಿಟ್ಟು ಹೋಗುತ್ತಾಳೆ, ಇರು ಮಗಳೇ ಅನ್ನುವ ಎರಡು ಮಾತು ಬಾಯಿಗೆ ಬರಲಿಲ್ಲ, ಸಲಿಕೆ ಕೈಗೆ ಬಂತು, ಅವಳು ಪೇಟೆಗೆ ಹೋದ ಹೊತ್ತು ನೋಡಿ ರಾಶಿಯ ಹೊಟ್ಟೆ ಬಗೆದು ಆರೂ ಗಿಡದ ಬುಡಕ್ಕೆ ಕೊಟ್ಟೆ, ಅಂಗೈ ಚುರ್ರೆನ್ನುತ್ತಿತ್ತು, ಆದರೂ ಕೊಟ್ಟೆ, ಮೇಲೆ ಮಣ್ಣೆಳೆದು ಮುಚ್ಚಿದೆ, ಕಳ್ಳನ ಹಾಗೆ. ನಾಲ್ಕೇ ದಿನ, ಎಲೆಯ ಅಂಚು ಕಂದಿತು, ಹೂ ಉದುರಿತು, ಗಿಡ ಕತ್ತು ಚೆಲ್ಲಿತು, ಅವಳು ಬುಡ ಕೆದಕಿ, ಮೂಸಿ, ನನ್ನ ಮುಖ ನೋಡಿದಳು, ಬೈದಿದ್ದರೆ ಆಗುತ್ತಿತ್ತು, ಬಾಯಿ ಬಿಟ್ಟು ಕೇಳಬಾರದಿತ್ತಾ ಮಾವ ಅಂದಳು, ಗೊಬ್ಬರದ ಮಾತೋ ಬೇರೆಯದೋ, ಆಗಲೂ ನಾನು ಹೂಂ ಅಂದೆ. ಕಾಯಲು ಇನ್ನೇನಿತ್ತು ಅವಳಿಗೆ, ಅಣ್ಣ ಗಾಡಿ ತಂದ, ಬ್ಯಾಗು ಹೊಸ್ತಿಲಲ್ಲಿಟ್ಟು ಮತ್ತೆ ಹಿತ್ತಲಿಗೆ ಬಂದಳು, ತೋಳು ಮಡಿಸಿ ರಾಶಿಗೆ ಕೈ ತೂರಿಸಿದಳು, ಇನ್ನು ಹದಿನೈದು ದಿನ ಬಿಡಿ ಮಾವ, ಆಮೇಲೆ ಹಾಕಿ, ಕೈ ತೊಳೆದುಕೊಂಡಳು. ರಾಶಿ ತಿರುವಿ ಹಾಕಬೇಕು, ಗಾಳಿ ಆಡಬೇಕು, ಸಲಿಕೆ ಹಿಡಿದೇ ನಿಂತಿದ್ದೇನೆ, ತಿರುವಿದರೆ ಮುಚ್ಚಿಹೋಗುತ್ತೆ, ಮಣಿಕಟ್ಟಿನಗಲದ ಆ ತೂತು, ಅದರಿಂದ ಆವಿ, ಸೊಸೆ ಹೋದಳು, ಗುರುವಾರ.