ಆರಡಿ ಪಾಯ

"ಅಗೀರಿ, ಎಷ್ಟು ಬೇಕಾದ್ರೂ ಅಗೀರಿ! ಪಾತಾಳದಲ್ಲಿರೋರು ತಲೆ ಎತ್ತಿ ಬೈದ್ರೆ ಮಾತ್ರ ನನ್ನನ್ನ ಕೇಳ್ಬೇಡಿ," ಎಂದು ಮೇಸ್ತ್ರಿ ಮೀಸೆ ತಿರುವಿದ. ಅವನು ಕಟ್ಟಿದ ಗೋಡೆಗೆ ಆನೆ ಒರಗಿದರೆ ಆನೆಗೇ ಬೆನ್ನುನೋವು ಬರುತ್ತದೆಂಬುದು ಸುತ್ತಿನ ಹತ್ತೂರಿಗೂ ಗೊತ್ತಿತ್ತು. ಗೊತ್ತಿಲ್ಲದವರಿಗೆ ಅವನೇ ಹೋಗಿ ತಿಳಿಸಿ ಬಂದಿದ್ದ.

ಊರ ಪಕ್ಕದ ಗುಡ್ಡವನ್ನು ಗಣಿ ಕಂಪನಿ ಕೊಂಡ ಮೇಲೆ ಆ ಹೆಸರಿಗೆ ಸಂಚಕಾರ ಬಂದಿತ್ತು. ಅಲ್ಲಿ ಬಂಡೆ ಸಿಡಿಸಿದರೆ ಇಲ್ಲಿ ಲೋಟಗಳು ಗೂಡಿನಿಂದಿಳಿದು ಅಂಗಳದವರೆಗೆ ವಾಯುವಿಹಾರ ಹೋಗುತ್ತಿದ್ದವು. ಅವನು ತಂಗಿಗೆ ಕಟ್ಟಿಕೊಟ್ಟಿದ್ದ ಮನೆಯ ಗೋಡೆ ಬೆಕ್ಕು ನುಸುಳುವಷ್ಟು ಬಿರಿದಿತ್ತು. ಗಟ್ಟಿಯಾಗಿ ಕಟ್ಟಿದ ಮನೆ ಸಿಡಿತಕ್ಕೆ ಬಿರಿದಿದ್ದರೆ ಹೊಸ ಮನೆ ಕೊಡುವುದಾಗಿ ಕಂಪನಿ ಒಪ್ಪಿತ್ತು. ತಂಗಿಯ ಗಂಡ ಗಣಿಯ ಗೇಟಿನಲ್ಲೇ ಕಾವಲುಗಾರ; ಅರ್ಜಿ ಮುಟ್ಟಲೂ ಹೆದರಿದ. ಅಣ್ಣನೇ ತುಂಬಿ ಕೊಟ್ಟಿದ್ದ.

"ಪಾಯ ಆರಡಿ ಅಂತ ಬರ್ದಿದೀರಿ," ಪಾಯ ಅಗೆಸಿ ನೋಡಲು ಬಂದಿದ್ದ ಕಂಪನಿಯ ಇಂಜಿನಿಯರ್ ಹಾಳೆ ತಿರುವಿದ.

"ಕಮ್ಮಿ ಬರ್ದಿದೀನಿ ಸಾರ್. ನಿಜ ಹೇಳಿದ್ರೆ ನೀವು ನಂಬಲ್ಲ ಅಂತ."

ತಂಗಿ ಹಿಂದಿನಿಂದ ಅವನ ಅಂಗಿ ಜಗ್ಗಿದಳು. "ಸಾಕು ಮಾಡು ಅಣ್ಣಾ."

"ಸುಮ್ನಿರೇ, ನಿಂಗೇನು ಗೊತ್ತು!"

ಗೋಡೆಯ ಬುಡದಲ್ಲಿ ಆಳುಗಳ ಗುದ್ದಲಿ ಇಳಿಯಿತು. ಕಲ್ಲಿಗೆ ಕಲ್ಲು ಹಲ್ಲು ಕಚ್ಚಿ ಕೂತಿತ್ತು. ನಡುವೆ ಸೂಜಿ ಹೋಗಬೇಕಾದರೂ ಅಪ್ಪಣೆ ಕೇಳಬೇಕಿತ್ತು. ಮೂರಡಿಗೆ ಕಲ್ಲು ಮುಗಿಯಿತು. ಕೆಳಗೆ ಬರೀ ಕೆಂಪು ಮಣ್ಣು.

ಇಂಜಿನಿಯರ್ ಟೇಪು ಇಳಿಬಿಟ್ಟು ನೋಡಿದ. "ಇಂಥ ಮನೆಗೆ ಮೂರಡಿ ಧಾರಾಳ ಮೇಸ್ತ್ರಿ. ಕೆಲಸಾನೂ ಅಚ್ಚುಕಟ್ಟು. ಮೂರು ಅಂತ ಬರ್ದಿದ್ರೆ ಇಲ್ಲೇ ಸಹಿ ಹಾಕ್ತಿದ್ದೆ. ಆದ್ರೆ ಸುಳ್ಳು ಬರ್ದಿರೋ ಅರ್ಜಿ ರದ್ದು ಮಾಡಿ ಅಂತ ಮೇಲಿನೋರ ಆರ್ಡರ್."

"ಅಯ್ಯೋ, ಅದು ಮಾತಿಗೆ ಹೇಳಿದ್ದು ಸಾರ್! ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ನಾನು ಮಾತಾಡೋದೇ ಹಂಗೆ."

"ಊರಿಗೆ ಗೊತ್ತಿರ್ಬಹುದು. ಕಂಪನಿಗೆ ಗೊತ್ತಿಲ್ವಲ್ಲ."

ಇಂಜಿನಿಯರ್ ಹಾಳೆಯ ಮೇಲೆ ಅಡ್ಡಗೆರೆ ಎಳೆದು ಜೀಪು ಹತ್ತಿದ. ಆಳುಗಳೂ ಹೊರಟರು. ಮೇಸ್ತ್ರಿ ಒಳಗಿನಿಂದ ತನ್ನ ಗುದ್ದಲಿ ತಂದವನೇ ಗುಂಡಿಗೆ ಧುಮುಕಿದ.

"ಇನ್ನೂ ಇದೆ ಕಣೇ. ಕೆಳಗೆ ಇನ್ನೊಂದು ಸಾಲು ಇಟ್ಟಿದ್ದೆ, ಈಗ ನೆನಪಾಯ್ತು. ಕರಿ ಅವರನ್ನ!" ಒಂದೇ ಉಸಿರಿಗೆ ಒಂದು ಬಂಡಿ ಮಣ್ಣು ಮೇಲೆಸೆದ.

"ಇಲ್ಲ ಅಣ್ಣಾ. ಕಲ್ಲು ಹೊತ್ತು ತಂದು ಕೊಟ್ಟೋಳು ನಾನೇ. ಇದ್ದಿದ್ದೇ ಇಷ್ಟು. ಬಾ ಮೇಲೆ."

ಗುದ್ದಲಿ ನಿಲ್ಲಲಿಲ್ಲ. ಕಲ್ಲಿನ ಅಡಿಯ ಮಣ್ಣೂ ಸಡಿಲಾಗಿ ಅವನ ಪಾದದ ಮೇಲೆ ಜಾರತೊಡಗಿತು. ತಂಗಿ ಓಡಿ ಬಂದು ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ನಿಂತಳು.