ಅಳಿಯನ ಬೆನ್ನು

ಮತ್ತೆ ಅದೇ ನೀಲಿ ಅಂಗಿ, ಅದೇ ಬೆನ್ನು, ಹೆಗಲುಗಳ ನಡುವೆ ಬೆವರಿಗೆ ಬೂದಿ ಮೆತ್ತಿಕೊಂಡಿದೆ, ಒಗೆದರೂ ಹೋಗಲಿಕ್ಕಿಲ್ಲ, ಒಗೆಯುವವಳಾದರೂ ಎಲ್ಲಿದ್ದಾಳೆ — ರೊವಾಲಿಸ್ ಹಲ್ಲಿನ ನಡುವೆ ಕರಕರ ಎಂದ ಬೂದಿಯನ್ನು ಉಗುಳಿದಳು, ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರಿಸುವ ಈ ಯಾಸುರ್ ಬೆಂಕಿಬೆಟ್ಟ, ಬುದ್ಧಿ ನೆಟ್ಟಗಿರೋರು ಬೆಂಕಿ ನೋಡೋಕೆ ಇಷ್ಟು ದೂರ ಹೋಗ್ತಾರೇನೇ, ಒಲೆ ಮುಂದೆ ಕೂತ್ರೆ ಸಾಲದಾ ಅಂದಿದ್ದಳು ಮಗಳಿಗೆ, ಮೆರೆಲಿನ್ ನಕ್ಕಿದ್ದಳು, ಅಮ್ಮಾ, ಎಲ್ಲೆಲ್ಲಿಂದಲೋ ಬಂದು ನೋಡ್ಕೊಂಡು ಹೋಗ್ತಾರೆ, ನಾವು ವಿಲಾ ಪಟ್ಟಣದಲ್ಲೇ ಕೂತಿದೀವಿ, ಈ ರಜೆಗೆ ತಾನ್ನಾ ದ್ವೀಪಕ್ಕೆ ಹೋಗೋಣ, ನಾನು, ನೀನು, ಅವನು. ರಜೆಗೆ ಮುಂಚೆ ಜ್ವರ ಬಂತು, ಮಗಳು ಹೋದಳು. ವರ್ಷ ತುಂಬಿದ ಮೇಲೆ ಅವಳ ಆಸೆ ತೀರಿಸಲು ಉಳಿದಿಬ್ಬರು ಬಂದಿದ್ದಾರೆ, ಒಬ್ಬರೊಡನೊಬ್ಬರು ಮಾತಾಡಬಾರದ ಇಬ್ಬರು. ಅವರ ಹುಟ್ಟೂರು ವನುವಾ ಲಾವಾ ದ್ವೀಪದ ಕಡೆ ಅತ್ತೆ ಅಳಿಯನ ಹೆಸರೆತ್ತುವಂತಿಲ್ಲ, ಅಳಿಯ ಅತ್ತೆಯ ಮುಖ ನೋಡುವಂತಿಲ್ಲ, ಎದುರಾದರೆ ಅವಳು ತಲೆ ತಗ್ಗಿಸಬೇಕು, ಅವನು ಬೆನ್ನು ತಿರುಗಿಸಬೇಕು, ತಪ್ಪಿದವರು ಊರಿನೆದುರು ಹಂದಿ ಕೊಟ್ಟು ಮಾನ ಉಳಿಸಿಕೊಳ್ಳಬೇಕು. ಮೊದಲು ನಡುವೆ ಮೆರೆಲಿನ್ ಇದ್ದಳು, ಅಮ್ಮಂಗೆ ಉಪ್ಪು ಬೇಕಂತೆ, ಇವ್ನಿಗೆ ಇನ್ನೊಂದು ತುಂಡು ಲಾಪ್‌ಲಾಪ್ ಕಡುಬು ಬೇಕಂತೆ, ಈಗ ದಾರಿ ತೋರಿಸುವ ಈ ನಕೋಮಾ, ತಾನ್ನಾದವನು, ನಗು ತಡೆಯಲಾರದೆ ಒದ್ದಾಡುತ್ತಿದ್ದಾನೆ. ಎರಡು ಮಾರು ದೂರದಲ್ಲಿದಾನಲ್ಲಮ್ಮಾ, ನೀರು ಬೇಕು ಅಂತ ನೀನೇ ಕೇಳಬಾರದಾ? ಸುಮ್ನೆ ಕೇಳಪ್ಪ, ನಿಮ್ಮೂರಲ್ಲಿ ಗಂಡಸ್ರು ಕಾವಾ ಕುಡಿಯೋ ಕಡೆ ಹೆಂಗಸ್ರು ಕಾಲಿಡಲ್ಲ, ಯಾಕೆ ಅಂತ ನಾನು ಕೇಳಿದ್ನಾ? ನೀರು ಬಂತು, ನಕೋಮಾನ ಕೈಯಲ್ಲಿ.

ಅಳಿಯನಿಗೆ ಅವಳಿಂದ ಬೇಕಾದದ್ದು ಒಂದು ಹೂಂ. ಮಾರುಕಟ್ಟೆಯಲ್ಲಿ ಬಾಳೆಗೊನೆ ಮಾರುವ ಹುಡುಗಿಯೊಬ್ಬಳು ಇದ್ದಾಳಂತೆ, ಒಳ್ಳೆಯವಳಂತೆ, ಅತ್ತೆ ಒಪ್ಪಿದರೆ ಮಾತ್ರ ಮದುವೆ ಎಂದಿದ್ದಾನಂತೆ, ಹಿರಿಯರು ಬಂದು ಕೇಳಿದಾಗ ರೊವಾಲಿಸ್ ನೋಡೋಣ ಅಂದಿದ್ದಳು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೂಂ ಎಂದರೆ ಆ ಹುಡುಗಿಯ ತಾಯಿ ಅವನಿಗೆ ಅತ್ತೆ, ಈ ಬೆನ್ನು ಅವಳ ಅಂಗಳದಲ್ಲಿ ತಿರುಗುತ್ತದೆ, ರೊವಾಲಿಸ್ ಮನೆಗೆ ಅವನು ತರುವ ಶನಿವಾರದ ಮೀನು ಅವಳ ಬಾಗಿಲಿಗೆ ಹೋಗುತ್ತದೆ, ರೊವಾಲಿಸ್‌ಗೆ ಬೆನ್ನು ತಿರುಗಿಸುವವರೂ ಇಲ್ಲದಂತಾಗುತ್ತದೆ. ಹೊಟ್ಟೆಕಿಚ್ಚು, ಹೌದು. ಭಯ, ಅದೂ ಹೌದು. ಬೆಟ್ಟದ ಬಾಯಿ ಬಂತು, ಗಂಧಕದ ಹೊಗೆ, ಕೆಮ್ಮು, ಸಂಜೆಗೆಂಪಿನ ಕೆಳಗೆ ಇನ್ನೊಂದು ಕೆಂಪು, ನಕೋಮಾ ಅಲ್ಲಿದ್ದ ಪ್ರವಾಸಿಗರಿಗೆಲ್ಲ ಕೂಗಿ ಹೇಳುತ್ತಿದ್ದಾನೆ, ಗುಡುಗಿದ್ರೆ ಓಡಬೇಡಿ, ತಲೆ ತಗ್ಗಿಸಬೇಡಿ, ಮೇಲೆ ನೋಡಿ, ಕಲ್ಲು ಯಾವ ಕಡೆ ಬರ್ತಿದೆ ನೋಡ್ಕೊಂಡು ಪಕ್ಕಕ್ಕೆ ಸರೀರಿ, ಅಷ್ಟೇ. ಹೇಳಿದವನೇ, ಅಂಚಿಗೆ ಹೋದ ಯಾರನ್ನೋ ಎಳೆದು ತರಲು ಓಡಿದ, ನಡುವೆ ಯಾರೂ ಇಲ್ಲ, ಬೆನ್ನು, ಅವಳು, ಅಷ್ಟರಲ್ಲಿ ಪಾದದಿಂದ ಹೊಟ್ಟೆಗೆ ಏರಿದ ಗುಡುಗು — ಮೇಲೆ ಕೆಂಪು ಚೂರುಗಳು, ನೀಲಿ ಅಂಗಿ ಅವಳ ಕಡೆ ತಿರುಗುತ್ತಿದೆ, ಅಯ್ಯೋ ತಿರುಗುತ್ತಿದ್ದಾನೆ, ಅವಳ ತಲೆ ತಾನೇ ತಗ್ಗಿತು, ಕೈ ತಾನೇ ತಲೆಬಟ್ಟೆಯನ್ನು ಕಣ್ಣಿಗೆಳೆಯಿತು, ನಕೋಮಾ ಹೇಳಿದ್ದೆಲ್ಲ ಎತ್ತಲೋ. ಅಮ್ಮಾ! ತಲೆ ಎತ್ತು! ಅಳಿಯನ ದನಿ. ಎಡಕ್ಕೆ, ಅಮ್ಮಾ, ಎಡಕ್ಕೆ!

ಎತ್ತಿದಳು. ಮೊದಲು ಕಂಡದ್ದು ಕಲ್ಲಲ್ಲ, ಮುಖ. ಆಮೇಲೆ ಕಲ್ಲು. ಎಡಕ್ಕೆ ಸರಿದಳು, ಅವಳು ನಿಂತಿದ್ದಲ್ಲಿ ಅದು ದೊಪ್ಪನೆ ಬಿತ್ತು, ಕೆಂಪಗೆ, ಮೆತ್ತಗೆ, ಈಗ ಕಪ್ಪಾಗುತ್ತಿದೆ, ಅವನು ಆಗಲೇ ಬೆನ್ನು ತಿರುಗಿಸಿ ಕುಕ್ಕರುಗಾಲಲ್ಲಿ ಕುಸಿದಿದ್ದಾನೆ, ಹಂದಿ ಕೊಡ್ತೀನಿ, ತಪ್ಪಾಯ್ತು, ಹಂದಿ ಕೊಡ್ತೀನಿ, ನೆಲಕ್ಕೆ ಹೇಳುತ್ತಿದ್ದಾನೆ, ಬೆನ್ನು ಅದುರುತ್ತಿದೆ, ಅಳುತ್ತಿದ್ದಾನೆ, ಹೆಂಡತಿಯ ಮಣ್ಣಿನ ದಿನವೂ ಹೀಗೇ ಅದುರಿತ್ತು, ಆಗಲೂ ಮುಖ ಕಾಣಲಿಲ್ಲ, ಅಂದೂ ಇವನಿಗೆ ಇಂಥದ್ದೇ ಮುಖ ಇತ್ತೇ — ತಪ್ಪೆಲ್ಲ ಇವನೊಬ್ಬನ ತಲೆಗೇ ಯಾಕೆ. ಸೆಲ್ವಿನ್, ಅಂದಳು. ಬೆನ್ನು ಬೆಚ್ಚಿತು. ಇಷ್ಟು ವರ್ಷ ನಾಲಿಗೆ ಮುಟ್ಟದ ಹೆಸರು, ಬಾಯಲ್ಲಿ ಏನೂ ಸುಡಲಿಲ್ಲ. ಸೆಲ್ವಿನ್, ಆ ಹುಡುಗೀನ ಕಟ್ಕೋ. ಶನಿವಾರದ ಮೀನು ಮಾತ್ರ ನಿಲ್ಲಿಸಬೇಡ. ಏಳು, ಹೆಸರು ನಾನೂ ಕೂಗಿದೀನಲ್ಲ, ಇಬ್ರೂ ಒಟ್ಟಿಗೇ ಹಂದಿ ಕೊಡೋಣ. ನಕೋಮಾ ಏದುಸಿರಲ್ಲಿ ಬಂದು, ಏನಂತೆ, ಏನು ಹೇಳ್ಬೇಕು ಇವ್ನಿಗೆ ಅಂದ, ಏನಿಲ್ಲಪ್ಪ, ಹೇಳಾಯ್ತು. ಇಳಿಯುವಾಗ ಬೆನ್ನು ಮುಂದೆ ಇದೆ, ಒಮ್ಮೆಯೂ ತಿರುಗಲಿಲ್ಲ, ತಿರುಗುವುದೂ ಬೇಡ, ಕೆಳಗೆ ಜೀಪು, ಸುಟ್ಟ ಗೆಣಸು, ನಾಳೆ ವಿಮಾನ, ಹಂದಿಗೆ ಯಾರನ್ನು ಕೇಳುವುದು, ಹಿರಿಯರು ಬೈಯುತ್ತಾರೆ, ಬೈಯಲಿ, ಅವನ ಗಡ್ಡದಲ್ಲಿ ಆಗಲೇ ನರೆ ಇತ್ತು, ಮೆರೆಲಿನ್ ಇದನ್ನು ಹೇಳಿರಲಿಲ್ಲ, ಗೆಣಸು, ಜೀಪು, ರೆಪ್ಪೆಯ ಮೇಲೆ ಬೂದಿ ಇತ್ತು, ನಾಳೆ ವಿಮಾನ — ಆ ಮುಖ, ನರೆತ ಗಡ್ಡದ ನಡುವೆ ತೆರೆದ ಬಾಯಿ, ಅವಳನ್ನು ಕರೆಯಲು ತೆರೆದದ್ದು, ಆ ಮುಖ, ತೆರೆದ ಬಾಯಿ.